ಜಾಗ ಹಿಡಿಯಲು ಇಟ್ಟ ಫೋಟೋ

ಪಂಪ್‌ವೆಲ್ಲಿನಲ್ಲಿ ಬಸ್ಸು ನಿಂತಾಗ ಅಶ್ಮಿತಾ ಸುಮ್ಮನೆ ಕಿಟಕಿಯಿಂದ ತಲೆಯೆತ್ತಿ ನೋಡಿದಳು. ಎದುರಿನ ಕಟ್ಟಡದ ಮೇಲೆ, ಎರಡಾಳು ಎತ್ತರಕ್ಕೆ, ಟಾನ್ಯಾ ನಗುತ್ತಿದ್ದಳು. ನರ್ಸಿನ ಬಿಳಿ ಯೂನಿಫಾರಂ, ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ‘ನಂಬಿಕೆಯ ನರ್ಸ್, ನಿಮ್ಮ ಮನೆ ಬಾಗಿಲಿಗೆ’, ಅದರ ಕೆಳಗೊಂದು ಫೋನ್ ನಂಬರು.

ಟಾನ್ಯಾ ಅಂದರೆ ದೇರೆಬೈಲಿನ ಬಾಡಿಗೆ ಮನೆಯಲ್ಲಿ ಅಶ್ಮಿತಾಳ ಜೊತೆ ಇರುವವಳು, ಆಸ್ಪತ್ರೆಯಲ್ಲಿ ನರ್ಸ್. ಗಂಡ ಡೆರಿಲ್‌ನ ಹೊಡೆತ ತಾಳಲಾರದೆ ಕುಂದಾಪುರದಿಂದ ಉಟ್ಟ ಬಟ್ಟೆಯಲ್ಲೇ ಓಡಿ ಬಂದವಳು. ‘ಸಿಕ್ಕಿದರೆ ಮುಗಿಸ್ತೇನೆ’ ಎಂದು ಅವನು ಅವಳ ಅಮ್ಮನ ಎದುರೇ ಹೇಳಿ ಹೋಗಿದ್ದ. ಅವಳು ಬೆಂಗಳೂರಿನಲ್ಲಿದ್ದಾಳೆ ಎಂದು ಅವನ ಲೆಕ್ಕ. ಅವನು ಹಾಗೇ ತಿಳಿದುಕೊಂಡಿರಲಿ ಎಂದು ಟಾನ್ಯಾ ಮಾಸ್ಕ್ ಇಲ್ಲದೆ ಹಾಲು ತರಲೂ ಹೋಗುತ್ತಿರಲಿಲ್ಲ. ಅಂಥವಳ ಮುಖ ಈಗ ಹೈವೇ ಬದಿಯಲ್ಲಿ, ಹೋಗುವವರು ಬರುವವರೆಲ್ಲ ನೋಡುವ ಹಾಗೆ!

ಆ ಬ್ಯಾನರ್ ಹಾಕಿಸಿದ್ದು ಯಾರು ಅಂತೀರಿ? ಹೇಳುವಾಗಲೇ ಮೈ ಉರಿಯುತ್ತದೆ. ಕಾವೂರಿನ ಮುಖೇಶ್, ಮನೆಮನೆಗೆ ನರ್ಸುಗಳನ್ನು ಕಳಿಸುವ ಏಜೆನ್ಸಿಯವರು, ಡಿಸೈನರ್ ಅಶ್ಮಿತಾಳ ಕ್ಲೈಂಟು. ಮನುಷ್ಯ ಪಾಪದವರೇ. ಆದರೆ ಎಲ್ಲ ಕ್ಲೈಂಟುಗಳ ಚಾಳಿ ಅವರಿಗೂ ಉಂಟು. ಲೋಗೋ ದೊಡ್ಡದು ಮಾಡಿ, ಇನ್ನೂ ಸ್ವಲ್ಪ ದೊಡ್ಡದು ಮಾಡಿ, ನೀಲಿ ಬೇಡ ಕೆಂಪು ಹಾಕಿ, ಅಲ್ಲಿ ಯಾಕೆ ಖಾಲಿ ಬಿಟ್ಟದ್ದು ಎಂದು ತಿಂಗಳಿಡೀ ಅವಳ ಜೀವ ಹಿಂಡಿದ್ದರು. ನರ್ಸಿನ ಫೋಟೋ ಕಳಿಸಿ ಎಂದರೆ ಮಾತ್ರ ‘ನಾಳೆ, ನಾಳೆ’. ಕೊನೆಗೆ ಅಶ್ಮಿತಾ ಬೇಸತ್ತು, ಸದ್ಯಕ್ಕೆ ಜಾಗ ಹಿಡಿಯಲಿ ಎಂದು ತನ್ನ ಫೋನಿನಲ್ಲಿದ್ದ, ಟಾನ್ಯಾ ಯೂನಿಫಾರಂ ಹಾಕಿದ್ದ ಫೋಟೋ ಇಟ್ಟು ವಾಟ್ಸ್ಯಾಪಿನಲ್ಲಿ ಕಳಿಸಿದಳು. ಅದರ ಕೆಳಗೆ ಬೇರೆ ಮೆಸೇಜು: ‘ಸರ್, ಫೋಟೋ ಡಮ್ಮಿ. ನೀವು ಕೊಟ್ಟ ಮೇಲೆ ಬದಲಿಸಿ ಪ್ರಿಂಟಿಗೆ ಬೇರೆ ಫೈಲ್ ಕೊಡ್ತೇನೆ.’ ಮುಖೇಶ್ ಹೆಬ್ಬೆರಳಿನ ಚಿತ್ರ ಕಳಿಸಿದರು. ಆಮೇಲೆ ಮೆಸೇಜನ್ನು ಅಲ್ಲೇ ಬಿಟ್ಟು, ಡಿಸೈನಿನ ಚಿತ್ರವನ್ನಷ್ಟೇ ಫ್ಲೆಕ್ಸ್ ಅಂಗಡಿಗೆ ಫಾರ್ವರ್ಡ್ ಮಾಡಿದರು. ಫೈಲಂತೆ ಫೈಲು! ಫೋನಿನಲ್ಲಿ ಚಿತ್ರ ಕಂಡರೆ ಅವರ ಪಾಲಿಗೆ ಕೆಲಸ ಮುಗಿಯಿತು. ಅವರದ್ದು ಬಿಡಿ, ಡಮ್ಮಿಗೆ ಗೆಳತಿಯ ಮುಖ ಇಟ್ಟವಳಿಗಾದರೂ ಬುದ್ಧಿ ಬೇಡವೇ?

ಅಶ್ಮಿತಾ ಬಸ್ಸಿಳಿದು ಮುಖೇಶರಿಗೆ ಫೋನ್ ಮಾಡಿದಳು.

“ಓ ಅಶ್ಮಿತಾ! ನೋಡಿದ್ರಾ? ಫಸ್ಟ್ ಕ್ಲಾಸ್ ಬಂದಿದೆ ಮಾರಾಯ್ತಿ. ನಿನ್ನೆ ಹಾಕಿಸಿದ್ದು,” ಎಂದರು ಮುಖೇಶ್.

“ಸರ್, ಅದನ್ನು ತೆಗೆಸಿ. ಈಗಲೇ ತೆಗೆಸಿ.”

“ತೆಗೆಯುವುದಾ? ಎಂತಕ್ಕೆ? ಬೆಳಿಗ್ಗೆಯಿಂದ ಫೋನಿಗೆ ಪುರುಸೊತ್ತಿಲ್ಲ. ಒಬ್ಬರಿಗೆ ಇದೇ ನರ್ಸ್ ಬೇಕಂತೆ, ತಾಯಿಗೆ ಹುಷಾರಿಲ್ಲವಂತೆ. ಫೋಟೋ ನಮ್ಮ ಡಿಸೈನರ್ ಕೊಟ್ಟದ್ದು, ಅವರ ಹತ್ತಿರವೇ ಕೇಳಿ ಅಂತ ನಿಮ್ಮ ವಿಸಿಟಿಂಗ್ ಕಾರ್ಡ್ ಕಳಿಸಿದೆ.”

ಅಶ್ಮಿತಾಳಿಗೆ ಬೇರೆ ಆಫೀಸಿಲ್ಲ, ಮನೆಯೇ ಆಫೀಸು. ಕಾರ್ಡಿನಲ್ಲಿರುವುದು ದೇರೆಬೈಲಿನ ಮನೆಯ ವಿಳಾಸ. ವಿಷಯ ಬಿಡಿಸಿ ಹೇಳಿದಾಗ ಮುಖೇಶ್, “ಅಯ್ಯೋ ದೇವರೇ, ನನಗೆ ಎಂತ ಗೊತ್ತು? ಈಗಲೇ ಜನ ಕಳಿಸ್ತೇನೆ,” ಎಂದರು.

ಫೋನ್ ಇಟ್ಟದ್ದೇ ತಡ, ಗುರುತಿಲ್ಲದ ನಂಬರಿನಿಂದ ಕರೆ ಬಂತು. ಎತ್ತಬಾರದು ಅಂದುಕೊಂಡಳು. ಎತ್ತದಿದ್ದರೆ ಅವನು ಸೀದಾ ಮನೆಗೇ ಹೋದರೆ? ಎತ್ತಿದಳು.

“ಮೇಡಂ, ಈ ಪಂಪ್‌ವೆಲ್ಲಿನ ಬ್ಯಾನರ್ ನಿಮ್ಮದಂತೆ. ನಾನು ಅದರ ಎದುರೇ ನಿಂತಿದ್ದೇನೆ. ಆ ನರ್ಸ್ ಎಲ್ಲಿ ಸಿಗ್ತಾರೆ?” ಗಂಡಸಿನ ಸ್ವರ, ಬೆಣ್ಣೆಯ ಹಾಗೆ ಮೃದು.

ಅಶ್ಮಿತಾ ಸುತ್ತ ನೋಡಿದಳು. ಬಸ್ಸಿಗೆ ಕಾದವರಲ್ಲಿ ಅರ್ಧ ಜನರ ಕಿವಿಯಲ್ಲಿ ಫೋನು. ಯಾರು ಅವನು? ಆ ಹೆಲ್ಮೆಟ್ಟಿನವನಾ, ಕಂಬಕ್ಕೊರಗಿದವನಾ? ಅವಳು ಮೆಲ್ಲಗೆ ಹಿಂದೆ ಸರಿದಳು. “ಅಂಥವರು ಯಾರೂ ಇಲ್ಲ. ಅದು ಎಐ ಫೋಟೋ. ಕಂಪ್ಯೂಟರಿನಲ್ಲಿ ಮಾಡಿದ್ದು.”

ಆ ಕಡೆಯಿಂದ ಸಣ್ಣ ನಗು. “ಹೌದಾ? ಗದ್ದದ ಕೆಳಗೆ ಒಂದು ಗಾಯದ ಗುರುತು ಉಂಟಲ್ಲ ಮೇಡಂ, ಅದು ನಾನು ಮಾಡಿದ್ದು. ಕಂಪ್ಯೂಟರಿಗೆ ಹೇಗೆ ಗೊತ್ತಾಯಿತು?”

ಎಷ್ಟು ಮದುಮಕ್ಕಳ ಮೊಡವೆ, ಎಷ್ಟು ಸೇಠ್‌ಗಳ ಕಣ್ಣಿನ ಕೆಳಗಿನ ಕಪ್ಪು ಅಳಿಸಿದ್ದಾಳೆ ಅಶ್ಮಿತಾ! ಇದೊಂದನ್ನು, ಡಮ್ಮಿ ತಾನೇ ಎಂದು, ಮುಟ್ಟಿರಲಿಲ್ಲ. ಅವಳು ಫೋನ್ ಕಟ್ ಮಾಡಿ ಸಿಕ್ಕಿದ ರಿಕ್ಷಾಕ್ಕೆ ಕೈ ಹಿಡಿದಳು.

ಮನೆ ಸೇರಿದಾಗ ಟಾನ್ಯಾ ನೈಟ್ ಡ್ಯೂಟಿ ಮುಗಿಸಿ ಮಲಗಿದ್ದಳು. ಅಶ್ಮಿತಾ ಅವಳನ್ನು ಎಬ್ಬಿಸಿ, ಅಳುತ್ತ, ಏನೂ ಮುಚ್ಚಿಡದೆ ಹೇಳಿದಳು. ಬೈಯಲಿ, ಕೆನ್ನೆಗೆ ಎರಡು ಬಾರಿಸಲಿ ಎಂದು ಕಾದಳು. ಟಾನ್ಯಾ ಬೈಯಲಿಲ್ಲ. ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುರುಕಿದಳು. ತನ್ನ ಚಪ್ಪಲಿ ಕಾಣದೆ ಅಶ್ಮಿತಾಳದ್ದನ್ನೇ ಮೆಟ್ಟಿಕೊಂಡಳು.

“ಪೊಲೀಸರಿಗೆ ಹೇಳುವ, ಟಾನ್ಯಾ.”

“ನೀನು ಹೇಳು. ಅವರು ಬರುವ ತನಕ ನಾನು ಇಲ್ಲಿ ಕೂರುವುದಿಲ್ಲ.”

“ಎಲ್ಲಿಗೆ ಹೋಗ್ತಿ? ನನಗೊಬ್ಬಳಿಗಾದರೂ ಹೇಳು.”

ಟಾನ್ಯಾ ಅಡುಗೆಮನೆಯ ಬಾಗಿಲು ತೆರೆದು ತಿರುಗಿ ನಿಂತಳು. “ನಿನಗೆ ಹೇಳುವುದಿಲ್ಲ ಅಶ್ಮಿ. ಸಿಟ್ಟಿನಿಂದ ಅಲ್ಲ. ನಿನ್ನನ್ನು ಕಂಡರೂ ಈಗ ನನಗೆ ಹೆದರಿಕೆ.”

ಹಿತ್ತಲಿನ ಪಾಗಾರದ ಗೋಡೆ ದಾಟಿ ಅವಳು ಹೋದಳು. ಅಶ್ಮಿತಾ ಎರಡೂ ಬಾಗಿಲಿಗೆ ಚಿಲಕ ಹಾಕಿ ಪೊಲೀಸರಿಗೆ ಫೋನ್ ಮಾಡಿದಳು. ರಿಂಗ್ ಆಗುತ್ತಿರುವಾಗಲೇ ಎದುರಿನ ಗೇಟು ತೆರೆದ ಸದ್ದಾಯಿತು. ಆಮೇಲೆ ಮೆಟ್ಟಿಲ ಮೇಲೆ ಶೂಗಳ ಸದ್ದು.

“ಮೇಡಂ,” ಎಂದಿತು ಅದೇ ಮೃದು ಸ್ವರ, ಬಾಗಿಲಿನಾಚೆಯಿಂದ.

ಅಶ್ಮಿತಾ ಬಾಯಿಗೆ ಕೈ ಒತ್ತಿಕೊಂಡು ಬಾಗಿಲಿನಿಂದ ಹಿಂದೆ ಸರಿದಳು. ಟಾನ್ಯಾ ಎತ್ತ ಹೋದಳೋ ಅವಳಿಗೆ ಗೊತ್ತಿರಲಿಲ್ಲ. ಪುಣ್ಯಕ್ಕೆ, ಗೊತ್ತಿರಲಿಲ್ಲ.