ಗಣಪತಿ ಲೈಟು

ಬ್ರಿಸ್ಬೇನ್ ಹತ್ತಿರದ ರೆಡ್‌ಕ್ಲಿಫ್‌ನ ದಂಡೆಯಲ್ಲಿ ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಅರಿಸಿನ ಕುಂಕುಮ ಹಚ್ಚಿದ ತೆಂಗಿನಕಾಯಿ ಹಿಡಿದು ಗಣಪತಿ ನೀರಿಗಿಳಿಯುವ ಹೊತ್ತಿಗೇ ಗಂಗೊಳ್ಳಿಯಿಂದ ತಮ್ಮ ನಾಗೇಂದ್ರನ ಫೋನು ಬಂತು. ನೂಲ ಹುಣ್ಣಿಮೆ. ಊರಿನಲ್ಲಿ ಸಮುದ್ರ ಪೂಜೆ. ಕಡಲಿಗೆ ಹಾಲು, ಕಾಯಿ ಒಪ್ಪಿಸಿದ ಮೇಲೆಯೇ ಮಳೆಗಾಲದ ಬಿಡುವು ಮುಗಿದು ದೋಣಿ ಇಳಿಯುವುದು. ದುಬೈ, ಪರ್ತ್, ಈಗ ಬ್ರಿಸ್ಬೇನ್ ಅಂತ ಬೋಟು ಕಟ್ಟುವ ಯಾರ್ಡುಗಳಲ್ಲಿ ವೈರು ಎಳೆಯುತ್ತ ಇಪ್ಪತ್ತು ವರ್ಷ ಅಲೆದರೂ ಗಣಪತಿ ಈ ಒಂದು ಕಾಯಿಯನ್ನು ತಪ್ಪಿಸಿದವನಲ್ಲ.

ಪ್ರತಿವರ್ಷ ಜೊತೆಗೆ ಮೊರಿತಾ ಇರುತ್ತಿದ್ದ. ಪರ್ತ್ ಯಾರ್ಡಿನಿಂದಲೂ ಜೊತೆಗಾರ, ಜಪಾನಿನ ವೆಲ್ಡರ್, ಅರವತ್ತು ದಾಟಿದವನು. ಇವನ ಮೀನುಸಾರು, ಅವನ ಅನ್ನದ ಉಂಡೆ, ಕೂರಲು ಒಂದೇ ಬೆಂಚು. ಇಲ್ಲಿಯ ಅಲೆ ಕಾಯಿಯನ್ನು ತಿರುಗಿ ದಡಕ್ಕೇ ತಂದುಹಾಕುತ್ತದೆ. ಆಗ ಮೊರಿತಾ ಬಟ್ಟೆ ಸಮೇತ ಎದೆಮಟ್ಟ ನೀರಿಗೆ ಹೋಗಿ ಅದನ್ನು ಆಚೆಗೆ ದೂಡಿ, ಕಡಲಿಗೆ ನಡು ಬಗ್ಗಿಸಿ ಬರುತ್ತಿದ್ದ. ಯಾರ ದೇವರೋ ಏನೋ, ಅವನು ಒಮ್ಮೆಯೂ ಕೇಳಲಿಲ್ಲ.

ಈ ವರ್ಷ ಜುಲೈಯಲ್ಲಿ ಜಪಾನು ಮತ್ತೆ ತಿಮಿಂಗಿಲ ಬೇಟೆ ಶುರು ಮಾಡಿತು. ಊಟದ ಹೊತ್ತಿನಲ್ಲಿ ಯಾರ್ಡಿನ ಹುಡುಗರು ಮೊರಿತಾನನ್ನು ಚುಚ್ಚಿದರು. ಅವನದು ಬೇಟೆಯ ಊರು, ಅಪ್ಪ ಬೇಟೆಯ ದೋಣಿಯವನು. ಅದು ನಮ್ಮ ಅಜ್ಜಂದಿರ ಕಡಲು, ಹೊರಗಿನವರು ಕಾನೂನು ಹೇಳುವುದು ಬೇಡ ಎಂದ ಮೊರಿತಾ, ತಲೆ ಎತ್ತದೆ. ಗಣಪತಿ ಸುಮ್ಮನಿರಬಹುದಿತ್ತು. ಅವತ್ತು ಅವನ ನಾಲಿಗೆ ಮೇಲೆ ಯಾವ ಶನಿ ಕೂತಿದ್ದನೋ, ಎದ್ದು ನಿಂತು ಎಲ್ಲರೆದುರು ಅಂದುಬಿಟ್ಟ.

"ನಿಮ್ಮಜ್ಜನ ಕಡಲು ಎಲ್ಲಿಗೆ ಮುಗಿಯುತ್ತೆ, ತೋರಿಸು ಮೊರಿತಾ. ಇದು ಸಂಪ್ರದಾಯ ಅಲ್ಲ, ಹೊಟ್ಟೆಬಾಕತನ."

ಹುಡುಗರು ಟೇಬಲ್ ಕುಟ್ಟಿದರು. ಮೊರಿತಾ ಬುತ್ತಿಯ ಮುಚ್ಚಳ ಹಾಕಿ ಎದ್ದ. ತಿಂಗಳು ಮುಗಿಯುವುದರೊಳಗೆ ಕೆಲಸ ಬಿಟ್ಟು, ರನ್‌ಕಾರ್ನ್ ಬಡಾವಣೆಯ ಮನೆ ಖಾಲಿ ಮಾಡಿ, ಅಡಿಲೇಡ್‌ನ ಪ್ರಾಸ್ಪೆಕ್ಟಿನಲ್ಲಿದ್ದ ಮಗಳ ಮನೆಗೆ ಹೋಗಿಬಿಟ್ಟ. ಸಿಟ್ಟು ಇಳಿಯಲಿ, ಆಮೇಲೆ ಮಾತಾಡಿದರಾಯಿತು ಎಂದುಕೊಂಡ ಗಣಪತಿ ಬೀಳ್ಕೊಡಲೂ ಹೋಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಫೋನಿನಲ್ಲಿ ನಾಗೇಂದ್ರ ಖುಷಿಯಲ್ಲಿದ್ದ. ಪೂಜೆ ಚೆನ್ನಾಗಾಯಿತಂತೆ. ನಾಡದೋಣಿಯಲ್ಲಿ ಮೀನು ಹಿಡಿಯುವ ಚಿಕ್ಕಪ್ಪ ಮಾತ್ರ ಬರಲಿಲ್ಲವಂತೆ. ಯಾಕೆ ಎಂದು ಗಣಪತಿ ಕೇಳಿದ. ಲೈಟಿನ ಬೋಟಿನವರ ಜೊತೆ ನಿಂತು ಕಾಯಿ ಬಿಡುವುದಿಲ್ಲ ಅಂದರಂತೆ, ಹೋದ ವರ್ಷವೆಲ್ಲ ಅವರ ಬಲೆ ಒಣಗಿಯೇ ಇತ್ತಂತೆ.

ಅದು ಯಾವ ಲೈಟು ಎಂದು ಗಣಪತಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ತಮ್ಮ ಕೇಳಿದನೆಂದು, ಬೋಟಿಗೆ ಜನರೇಟರ್ ಇಟ್ಟು ಕತ್ತಲ ಕಡಲನ್ನು ಹಗಲು ಮಾಡುವ ಲೈಟಿನ ನಕ್ಷೆಯನ್ನು ತಾನೇ ಬರೆದು ಕಳಿಸಿದ್ದ. ಆ ಬೆಳಕಿಗೆ ಮರಿಮೀನು ಸಮೇತ ಎಲ್ಲ ಬಂದು ಮುತ್ತುತ್ತವೆ, ಬಲೆ ಬಳಿದುಕೊಂಡು ಬರುತ್ತದೆ. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ತಮ್ಮ ನಿಲ್ಲಿಸಿರಬೇಕು ಅಂದುಕೊಂಡನೇ ಹೊರತು ಕೇಳಿರಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಮೊರಿತಾನ ಎಲೆಯ ನೊಣ ಓಡಿಸಲು ಎದ್ದು ನಿಂತಿದ್ದ.

ಇನ್ನಾದರೂ ತೆಗೆದುಹಾಕು ಎಂದ. ನಾಗೇಂದ್ರ ನಕ್ಕ.

"ನಾ ಒಬ್ನೇ ತೆಗ್ದ್ರ್ ಎಂತ ಆತ್ತ್ ಅಣ್ಣಾ? ಈಗ ನಲವತ್ತ್ ಬೋಟಿಗೆ ಅದೇ ಲೈಟ್. ಎಲ್ರೂ ಗಣಪತಿ ಲೈಟ್ ಅಂದೇ ಹೇಳುದ್. ಕಡ್ಲ್ ನಮ್ ಅಜ್ಜಂದಲ್ದಾ?"

ಫೋನು ಇಟ್ಟವನು ನೀರಿನಲ್ಲೇ ತುಂಬ ಹೊತ್ತು ನಿಂತ. ಕೊನೆಗೆ ಅಡಿಲೇಡಿಗೆ ಫೋನು ಮಾಡಿದ. ಮೊರಿತಾ ಎತ್ತಿದ. ಗಣಪತಿ ಕ್ಷಮೆ ಕೇಳಿದ, ಲೈಟಿನ ಕಥೆಯನ್ನು ಮುಚ್ಚಿಡದೆ ಹೇಳಿದ. ಆದರೆ ಹೇಳುತ್ತ ಹೇಳುತ್ತ, ತಾನು ನಕ್ಷೆ ಕೊಟ್ಟದ್ದು ತಮ್ಮನ ಒಂದೇ ಒಂದು ಬೋಟಿಗೆ ಎಂಬುದೂ ಬಾಯಿಂದ ಬಂದುಬಿಟ್ಟಿತು.

"ನಮ್ಮಪ್ಪನೂ ಹಾಗೇ ಹೇಳುತ್ತಿದ್ದ," ಎಂದ ಮೊರಿತಾ. "ನಮ್ಮದು ಒಂದೇ ದೋಣಿ ಅಂತ."

ಸಿಟ್ಟಿಲ್ಲದ ದನಿ. ಮೊಮ್ಮಗಳನ್ನು ಶಾಲೆಯಿಂದ ಕರೆತರಬೇಕೆಂದು ಹೇಳಿ, ಫೋನು ಮಾಡಿದ್ದಕ್ಕೆ ಥ್ಯಾಂಕ್ಸ್ ಎಂದು ಇಟ್ಟ. ಮತ್ತೆ ಮಾಡು ಎನ್ನಲಿಲ್ಲ.

ಗಣಪತಿ ಕಾಯಿಯನ್ನು ನೀರಿಗೆ ಬಿಟ್ಟ. ಅದು ನಾಲ್ಕು ಮಾರು ಹೋಗಿ, ತಿರುಗಿ ಅವನ ಮೊಣಕಾಲಿಗೆ ಬಂದು ತಾಗಿತು. ಮತ್ತೆ ದೂಡಿದ, ಮತ್ತೆ ಬಂತು. ಕುಂಕುಮವೆಲ್ಲ ತೊಳೆದುಹೋಗಿತ್ತು. ಕಡಲನ್ನೇ ನಂಬಿ ಬಾಳಿದವರ ಮನೆಯಲ್ಲಿ ಹುಟ್ಟಿದವನು, ಪ್ಯಾಂಟು ಇನ್ನೊಂದು ಸುತ್ತು ಮಡಚಿ, ಮೊರಿತಾ ಇಳಿಯುತ್ತಿದ್ದ ಎದೆಮಟ್ಟದ ನೀರು ಎಲ್ಲಿಂದ ಶುರುವಾಗುತ್ತದೆ ಎಂದು ನೋಡುತ್ತ ನಿಂತ.