ಇನ್ನೊಂದೇ ಆಟ

ಅಮೆರಿಕದ ಲೂಯಿಸ್‌ವಿಲ್‌ನಲ್ಲಿದ್ದ ಸುಮೇಧಾ, ಕಂಪನಿಯ ಕೆಲಸ, ಮನೆ, ಮಗಳು ಪ್ರಗತಿ ಎಲ್ಲವನ್ನೂ ನಿಭಾಯಿಸಿ, ಉಳಿದ ಹೊತ್ತಿನಲ್ಲಿ ಮಾತ್ರ ಆನ್‌ಲೈನ್ ಪೋಕರ್ ಎಂಬ ಇಸ್ಪೀಟಿನ ಜೂಜು ಆಡುತ್ತಿದ್ದಳು. ಯಾವುದಕ್ಕೂ ಕುಂದು ಬರದಂತೆ ಆಡುತ್ತೇನೆ ಎಂಬ ಹೆಮ್ಮೆ ಅವಳಿಗಿತ್ತು.

ಆ ಶನಿವಾರ ಮಧ್ಯಾಹ್ನ ಎದುರಾಳಿಯೊಬ್ಬ ಆಟದ ಚಾಟ್‌ನಲ್ಲಿ, ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆ, ತಾನು ಆಸ್ಪತ್ರೆಯ ಕಾರಿಡಾರ್‌ನಲ್ಲಿ ಕೂತು ಆಡುತ್ತಿದ್ದೇನೆ ಎಂದು ಬರೆದ. ಥೂ, ಇವನೂ ಒಬ್ಬ ಗಂಡನೇ ಎಂದುಕೊಂಡಳು ಸುಮೇಧಾ. ಆದರೆ ಅವನ ಗಮನ ಆಟದ ಮೇಲಿಲ್ಲ ಎಂಬುದೂ ಅವಳಿಗೆ ಹೊಳೆಯಿತು. ಕೈಯಲ್ಲಿ ಒಳ್ಳೆಯ ಎಲೆ ಇಲ್ಲದಿದ್ದರೂ ಇದ್ದಂತೆ ತೋರಿಸಿ ಪಣ ಏರಿಸುತ್ತಾ ಹೋದಳು. ಅವನು ಗಲಿಬಿಲಿಗೊಂಡು ಮತ್ತೆ ಮತ್ತೆ ಆಟ ಬಿಟ್ಟುಕೊಟ್ಟ. ಅವನ ಚಿಪ್ಸ್, ಅಂದರೆ ಪಣದ ಬಿಲ್ಲೆಗಳು, ಬಹುಪಾಲು ಇವಳ ಕಡೆ ಬಂದವು.

ನರ್ಸ್ ಒಳಗೆ ಕರೆಯುತ್ತಿದ್ದಾರೆ, ಇನ್ನೊಂದೇ ಆಟ ಆಡಿ ಹೋಗಲೇ ಎಂದು ಅವನು ಕೇಳಿದ. ಆಗಲಿ, ಆಡೋಣ ಎಂದು ಸುಮೇಧಾ ಬರೆದಳು. ಆ ಆಟವನ್ನೂ ಗೆದ್ದ ಮೇಲೆ ತಾನು ಬರೆದದ್ದನ್ನೇ ಮತ್ತೆ ಓದಿದಳು.

ಗಂಡ ನಿಖಿಲ್ ಬಾಗಿಲಿಗೆ ಬಂದ. "ಊಟಕ್ಕೆ ಬಾರೇ, ಪ್ರಗತಿ ಕಾಯ್ತಿದಾಳೆ. ಗೆದ್ದ್ಯಾ?"

"ಗೆದ್ದೆ. ಅಸಹ್ಯ ಆಗ್ತಿದೆ ಕಣೋ," ಎಂದು ನಡೆದದ್ದನ್ನು ಹೇಳಿದಳು.

"ಎಂಥಾ ಮನುಷ್ಯ ಅವನು," ಎಂದ ನಿಖಿಲ್.

"ಅವನ ಮಾತು ಬಿಡು. ಎದ್ದು ಒಳಗೆ ಹೋಗಪ್ಪಾ ಅಂತ ನಾನು ಹೇಳಬಹುದಿತ್ತಲ್ಲ."

ಸುಮೇಧಾ ತನ್ನ ಪೋಕರ್ ಖಾತೆಯನ್ನೇ ಅಳಿಸಿ ಊಟಕ್ಕೆ ಕೂತಳು. ಮಗಳು ಶಾಲೆಯ ಸುದ್ದಿ ಹೇಳುತ್ತಿದ್ದಳು. ಅವನು ಹೆರಿಗೆಯ ಹೊತ್ತಿಗೆ ಒಳಗೆ ಹೋದನೋ ಇಲ್ಲವೋ ಎಂದು ಸುಮೇಧಾ ಯೋಚಿಸುತ್ತಿದ್ದಳು.