ಗಾಜಿನ ಪೆಟ್ಟಿಗೆಯ ಮಾಪ್

ದೊಡ್ಡ ಮ್ಯಾನೇಜರ್ ತೀರಿಕೊಂಡ ಮೇಲೆ ಅವರ ನೆನಪಿಗೆ ಏನಾದರೂ ಮಾಡಬೇಕಲ್ಲ ಎಂದು ಫುಟ್‌ಬಾಲ್ ಕ್ಲಬ್ಬಿನ ಸಮಿತಿ ಸಭೆ ಸೇರಿತು. ಪ್ರತಿಮೆ ನಿಲ್ಲಿಸೋಣ ಎಂದರೆ ಆ ಮನುಷ್ಯ ಒಂದು ಕಡೆ ನಿಂತಿದ್ದನ್ನು ಯಾರೂ ಕಂಡಿರಲಿಲ್ಲ. ಕೊನೆಗೆ ಅಧ್ಯಕ್ಷರಿಗೆ ಮಾಪ್ ನೆನಪಾಯಿತು.

ಹೌದು, ನೆಲ ಒರೆಸುವ ಮಾಪೇ. ಪ್ರತಿ ಪಂದ್ಯದ ಹಾಫ್‌ಟೈಮಿನಲ್ಲಿ ಆಟಗಾರರು ಬೆಂಚಿನ ಮೇಲೆ ಸಾಲಾಗಿ ಕೂತು ಏದುಸಿರು ಬಿಡುತ್ತಿರುವಾಗ ದೊಡ್ಡ ಮ್ಯಾನೇಜರ್ ಡ್ರೆಸ್ಸಿಂಗ್ ರೂಮಿನ ಈ ಮೂಲೆಯಿಂದ ಆ ಮೂಲೆಯವರೆಗೆ ತಾವೇ ನೆಲ ಒರೆಸುತ್ತಿದ್ದರು. ಬೈಗುಳವಿಲ್ಲ, ಭಾಷಣವಿಲ್ಲ. "ಕಾಲೆತ್ತಪ್ಪಾ" ಎನ್ನುವುದು, ಒರೆಸುವುದು, ಮುಂದಿನವನ ಹತ್ತಿರ ಹೋಗುವುದು. ಮುಗಿದ ಮೇಲೆ ಮಾಪನ್ನು ಗೋಡೆಗೆ ಒರಗಿಸಿ, "ನೀನು ಕೂತ್ಕೋ, ಅವನು ಹೋಗ್ಲಿ" ಎಂದು ಯಾರನ್ನಾದರೂ ಬದಲಿಸುತ್ತಿದ್ದರು. ಆ ಬದಲಾವಣೆ ಅದು ಹೇಗೋ ಸರಿಯಾಗಿಯೇ ಇರುತ್ತಿತ್ತು.

ಆ ಮಾಪನ್ನು ತೊಳೆದು, ಒಣಗಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಒಳಗೊಂದು ದೀಪ ಹಾಕಿಸಿ ಡ್ರೆಸ್ಸಿಂಗ್ ರೂಮಿನ ಹೊರಗಿನ ಗೋಡೆಗೆ ಕೂರಿಸಿದರು. ಕೆಳಗೆ ಹಿತ್ತಾಳೆಯ ಫಲಕ: "ವಿನಯವೇ ಗೆಲುವಿನ ಬೇರು." ಮಾತು ಅಧ್ಯಕ್ಷರದೇ. ಉದ್ಘಾಟನೆಗೆ ಬಂದಿದ್ದ ದೊಡ್ಡ ಮ್ಯಾನೇಜರರ ಹೆಂಡತಿ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿ, "ಮನೇಲಿ ಒಂದು ದಿನ ಇದನ್ನ ಮುಟ್ಟಿದ್ರೆ ಕೇಳಿ" ಎಂದರು. ಯಾರೂ ಕೇಳಲಿಲ್ಲ, ಚಪ್ಪಾಳೆ ತಟ್ಟಿದರು.

ಹೊಸ ಮ್ಯಾನೇಜರ್ ಆಗಿ ಬಂದವನು ಅವರ ಅಳಿಯ. ಕ್ಲಬ್ಬಿನಲ್ಲಿ ಎಲ್ಲರೂ, ಟಿಕೆಟ್ ಹರಿಯುವವನು ಕೂಡ, ಅವನನ್ನು "ಅಳಿಯಂದ್ರು" ಎಂದೇ ಕರೆಯುತ್ತಿದ್ದರು. ಮಾವನ ಮನೆಯಲ್ಲಿ ಅಳಿಯನಾದರೆ ಮರ್ಯಾದೆ, ಮಾವನ ಕೆಲಸದಲ್ಲಿ ಅಳಿಯನಾದರೆ ಹೊಟ್ಟೆಯುರಿ. ಅವನು ಅಲ್ಲಿಗೆ ಬಂದ ಮೊದಲ ದಿನವೇ ಹೇಳಿಬಿಟ್ಟ: "ನಾನು ಟೀಮ್ ನೋಡ್ಕೊಳ್ಳೋಕೆ ಬಂದಿರೋದು. ನೆಲ ಒರೆಸೋಕಲ್ಲ." ಸರಿ, ಒರೆಸು ಎಂದು ಯಾರೂ ಹೇಳಿರಲೂ ಇಲ್ಲ. ಮಾಪ್ ಹೇಗಿದ್ದರೂ ಗಾಜಿನೊಳಗಿತ್ತು.

ಒರೆಸುವ ಬದಲು ಅವನು ಕಿರುಚಿದ. ಹಾಫ್‌ಟೈಮಿನಲ್ಲಿ ಅವನ ದನಿ ಪಾರ್ಕಿಂಗಿನವರೆಗೆ ಕೇಳುತ್ತಿತ್ತು. ಹೆಚ್ಚಿನ ಪಾಲು ಬೀಳುತ್ತಿದ್ದುದು ಕ್ಯಾಪ್ಟನ್ ತಲೆಗೆ. ರಕ್ಷಣೆಯ ಸಾಲಿನಲ್ಲಿ ನಡುವೆ ಆಡುವ ಈ ಕ್ಯಾಪ್ಟನ್ ದೊಡ್ಡ ಮ್ಯಾನೇಜರರ ಮಗ, ಅಂದರೆ ಅಳಿಯನ ಹೆಂಡತಿಯ ತಮ್ಮ. ಇತ್ತೀಚೆಗೆ ಅವನು ಓಡುವುದು ನಿಧಾನವಾಗಿತ್ತು. "ಅಪ್ಪನ ಹೆಸರಿನ ಮೇಲೆ ಎಷ್ಟು ದಿನ ಅಂತ ಬದುಕ್ತೀಯೋ? ಮೈ ಬಗ್ಗಿಸಿ ಓಡೋಕೆ ಏನು ರೋಗ?" ಎಂದು ಎಲ್ಲರ ಮುಂದೆ ಹರಿಹಾಯುತ್ತಿದ್ದ. ಕ್ಯಾಪ್ಟನ್ ಟವೆಲಿನ ಅಂಚು ಕಚ್ಚಿಕೊಂಡು ಸುಮ್ಮನೆ ಕೂರುತ್ತಿದ್ದ. ಮನೆಯಲ್ಲಿ ಅಳಿಯನ ಹೆಂಡತಿಯೂ ಮುಖ ಊದಿಸಿಕೊಂಡು ಸುಮ್ಮನೆ ಕೂರುತ್ತಿದ್ದಳು. ಮಾತು ಕಡಿಮೆಯಾದ ಸಂಸಾರ ಅದು.

ಹೀಗೇ ಸೋತು ಸೋತು ಕೊನೆಯ ಪಂದ್ಯ ಬಂತು. ಸೋತರೆ ಕ್ಲಬ್ ಕೆಳಗಿನ ಲೀಗಿಗೆ ಇಳಿಯುತ್ತದೆ, ಅಳಿಯ ಮನೆಗೆ ಹೋಗುತ್ತಾನೆ. ಡ್ರಾ ಆದರೂ ಸಾಕು, ಇಬ್ಬರೂ ಇದ್ದಲ್ಲೇ ಇರುತ್ತಾರೆ. "ನಮಗೆ ನಿಮ್ಮ ಮೇಲೆ ಪೂರ್ಣ ವಿಶ್ವಾಸ ಇದೆ" ಎಂದು ಅಧ್ಯಕ್ಷರು ಬೆಳಿಗ್ಗೆ ಫೋನ್ ಮಾಡಿದ್ದರು. ಆಗಲೇ ಅಳಿಯನಿಗೆ ತನ್ನ ಕಥೆ ಮುಗಿಯಿತು ಅನ್ನಿಸಿತ್ತು.

ಹಾಫ್‌ಟೈಮಿಗೆ ಒಂದು ಗೋಲು ಹಿಂದೆ. ಗೋಲು ಹೊಡೆದವನು ಕ್ಯಾಪ್ಟನ್ ಪಕ್ಕದಲ್ಲೇ ಹಾದುಹೋಗಿದ್ದ, ಬಸ್‌ಸ್ಟಾಪಿನಲ್ಲಿ ನಿಂತವನನ್ನು ದಾಟಿ ಹೋದ ಹಾಗೆ. ಅಳಿಯನಿಗೆ ಕೋಪ ನೆತ್ತಿಗೇರಿತು. ಒಳಗೆ ಬಂದವನೇ ನೀರಿನ ಡ್ರಮ್ಮಿಗೆ ಒದ್ದ. ಡ್ರಮ್ ಮಗುಚಿ ನೀರೆಲ್ಲ ನೆಲಕ್ಕೆ. ಬೂಟಿನ ಮುಳ್ಳುಗಳಿಗೆ ಮೆತ್ತಿದ್ದ ಮಣ್ಣು ಸೇರಿ ಕೋಣೆಯೆಲ್ಲ ಕೆಸರು. ಗೋಲ್‌ಕೀಪರ್ ಎದ್ದವನು ಜಾರಿ ಅಲ್ಲೇ ಕೂತ.

"ಯಾರಾದ್ರೂ ಒರೆಸ್ರೋ!" ಎಂದ ಅಳಿಯ.

ಸ್ವಚ್ಛತೆಯವಳು ಸಾಮಾನಿನ ಕೋಣೆಗೆ ಬೀಗ ಹಾಕಿ ಮ್ಯಾಚ್ ನೋಡಲು ಗ್ಯಾಲರಿಗೆ ಹೋಗಿದ್ದಳು, ತಪ್ಪೇನೂ ಅಲ್ಲ. ಅಳಿಯ ಬುಸುಗುಡುತ್ತಾ ಹೊರಗೆ ಬಂದ. ಎದುರಿಗೇ ದೀಪದ ಕೆಳಗೆ ಮಾಪ್. ಪೆಟ್ಟಿಗೆಗೆ ಬೀಗವಿರಲಿಲ್ಲ, ಮಾಪನ್ನು ಯಾರು ಕದಿಯುತ್ತಾರೆ? ತೆಗೆದುಕೊಂಡು ಒಳಗೆ ಬಂದ. ಆಟಗಾರರು ಗರ ಬಡಿದವರ ಹಾಗೆ ನೋಡಿದರು.

ಕೈಯಲ್ಲಿ ಮಾಪ್ ಹಿಡಿದು, ಸೊಂಟ ಬಗ್ಗಿಸಿ, ಕೂಗಿ ಬೈಯುವುದು ಕಷ್ಟ. ಬೇಕಾದರೆ ಪ್ರಯತ್ನಿಸಿ ನೋಡಿ. ಉಸಿರು ಸಾಲುವುದಿಲ್ಲ. ಅಳಿಯ ಬಾಯಿ ಮುಚ್ಚಿಕೊಂಡು ಒರೆಸತೊಡಗಿದ. ಬಗ್ಗಿದವನಿಗೆ ಮುಖಗಳು ಕಾಣಲಿಲ್ಲ, ಕಾಲುಗಳಷ್ಟೇ ಕಂಡವು.

"ಕಾಲೆತ್ತು." ಗೋಲ್‌ಕೀಪರ್ ಎರಡೂ ಕಾಲು ಟಕ್ಕನೆ ಎತ್ತಿದ. "ಕಾಲೆತ್ತು." ಪಕ್ಕದವನೂ ಎತ್ತಿದ. ಹೀಗೆ ಸಾಲು ಸಾಗಿ ಕ್ಯಾಪ್ಟನ್ ಹತ್ತಿರ ಬಂತು.

"ಕಾಲೆತ್ತು."

ಎಡಗಾಲು ಎದ್ದಿತು. ಬಲಗಾಲು ಏಳಲಿಲ್ಲ. ಕ್ಯಾಪ್ಟನ್ ಎರಡೂ ಕೈಯಿಂದ ತೊಡೆ ಹಿಡಿದು ಆ ಕಾಲನ್ನು ಯಾರದೋ ಸಾಮಾನಿನ ಹಾಗೆ ಎತ್ತಿ ಪಕ್ಕಕ್ಕಿಟ್ಟ.

ಅಳಿಯ ಮಾಪ್ ಬಿಟ್ಟು ಅಲ್ಲೇ ಕೆಸರಿನಲ್ಲಿ ಮಂಡಿಯೂರಿ ಕ್ಯಾಪ್ಟನ್ ಮಂಡಿ ಮುಚ್ಚುವಂತೆ ಎಳೆದುಕೊಂಡಿದ್ದ ಕಾಲುಚೀಲ ಕೆಳಗೆಳೆದ. ಮಂಡಿ ಊದಿ ಬಟ್ಟಲಾಗಿತ್ತು, ಸುತ್ತಲೂ ಹಳೆಯ ಹಳದಿ, ಹೊಸ ನೀಲಿ. ಒಂದು ದಿನದ ಪೆಟ್ಟಲ್ಲ ಅದು.

"ಯಾವತ್ತಿಂದ ಹೀಗಿದೆ?"

"ಏನಿಲ್ಲ ಭಾವ. ಆಡ್ತೀನಿ."

"ಯಾವತ್ತಿಂದ ಅಂತ ಕೇಳ್ದೆ."

"ನೀವು ಬಂದಾಗಿಂದ ಅನ್ಕೊಳ್ಳಿ. ಇವತ್ತು ಮಾತ್ರ ತೆಗೀಬೇಡಿ ಭಾವ, ನಿಮ್ಮ ಕೆಲಸ ಹೋಗುತ್ತೆ."

ಅಳಿಯನಿಗೆ ಆ ಕಾಲಿಗೆ ತಾನು ಏನೇನು ಅಂದಿದ್ದೆ ಎನ್ನುವುದೆಲ್ಲ ಒಂದೊಂದಾಗಿ ನೆನಪಾಗಿ ನಾಚಿಕೆಯಿಂದ ಕಿವಿ ಕೆಂಪಾಯಿತು. ಎದ್ದು ನಿಂತು ಮಾಪನ್ನು ಗೋಡೆಗೆ ಒರಗಿಸಿ, "ನೀನು ಕೂತ್ಕೋ. ಅವನು ಹೋಗ್ಲಿ" ಎಂದು ಮೂಲೆಯಲ್ಲಿದ್ದವನನ್ನು ತೋರಿಸಿದ. ಇಡೀ ಸೀಸನ್ ಬೆಂಚು ಕಾದು ಅದರಲ್ಲೇ ಪಳಗಿದ್ದ ಆ ಹುಡುಗ ನಿಜವಾಗಿಯೂ ಹೆದರಿದ.

ಪಂದ್ಯ ಡ್ರಾ ಆಯಿತು. ಗೋಲು ಹೊಡೆದವನು ಆ ಬೆಂಚಿನವನೇ, ಹೊಡೆದದ್ದು ಬೆನ್ನಿನಿಂದ. ಚೆಂಡು ಬಂದದ್ದು ಅವನಿಗೆ ಗೊತ್ತೇ ಇರಲಿಲ್ಲ. ಮರುದಿನದ ಪತ್ರಿಕೆಗಳು ಅದನ್ನು ಹೊಸ ಮ್ಯಾನೇಜರರ ದಿಟ್ಟ ತಂತ್ರ ಎಂದು ಬರೆದವು.

ಅಧ್ಯಕ್ಷರು ಓಡಿ ಬಂದದ್ದು ಮಾತ್ರ ಅಭಿನಂದಿಸಲಲ್ಲ. "ಮಾಪ್ ಒದ್ದೆ ಮಾಡಿದೀರಲ್ರೀ! ದೊಡ್ಡವರು ಬಿಟ್ಟು ಹೋಗಿದ್ದು ಅದೊಂದೇ!" ಎಂದು ಕಾರಿಡಾರಿನಲ್ಲಿ ಗೋಳಾಡಿದರು. ಒಣಗಿಸಿ ಕೊಡುತ್ತೇನೆ ಎಂದು ಅಳಿಯ ಹೇಳಲಿಲ್ಲ. "ಮುಂದಿನ ಮ್ಯಾಚಿಗೆ ಬೇಕು" ಎಂದ.

ಡ್ರೆಸ್ಸಿಂಗ್ ರೂಮಿನಲ್ಲಿ ಕ್ಯಾಪ್ಟನ್ ಮಂಡಿಗೆ ಐಸ್ ಕಟ್ಟಿಕೊಂಡು ಒಬ್ಬನೇ ಕೂತಿದ್ದ. ಅಳಿಯ ಪಕ್ಕದಲ್ಲಿ ಕೂತ. ಇಬ್ಬರೂ ನೆಲ ನೋಡಿದರು. ಅಷ್ಟೇನೂ ಚೆನ್ನಾಗಿ ಒರೆಸಿರಲಿಲ್ಲ.

"ತಪ್ಪಾಯ್ತು ಕಣೋ. ಆದ್ರೆ ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಅಪ್ಪನಿಗೂ ಯಾರೂ ಹೇಳ್ತಿರ್ಲಿಲ್ಲ ಭಾವ" ಎಂದ ಕ್ಯಾಪ್ಟನ್. "ನೋವು ಅಂದ್ರೆ ಟೀಮಿಂದ ತೆಗೀತಾರೆ ಅಂತ ಎಲ್ಲರಿಗೂ ಭಯ. ಅವರೂ ಕೇಳ್ತಿರ್ಲಿಲ್ಲ. ಬಂದು ಕಾಲೆತ್ತಪ್ಪಾ ಅಂತ ನೆಲ ಒರೆಸೋರು, ಅಷ್ಟೇ."